ಎಣ್ಣೆ ತಲೆ, ಹಳೇ ಪದ, ಹೊಸ ಪದ

ಸ್ವಲ್ಪ ಹೊತ್ತಿನ ಹಿಂದೆ ಕಲಿತ ಪದ ಮತ್ತೆ ಎದುರಿಗೆ ಬಂದರೆ, ಮಿದುಳಿಗೆ ಅದರ ಗುರುತು ಎಷ್ಟು ಬೇಗ ಸಿಗುತ್ತದೆ? ಇದನ್ನು ನೋಡಲು ನಾನು ಇಇಜಿ ಆರಿಸಿಕೊಂಡೆ, ಅಂದರೆ ತಲೆಯ ಮೇಲೆ ಎಲೆಕ್ಟ್ರೋಡ್ ಇಟ್ಟು ಮಿದುಳಿನ ವಿದ್ಯುತ್ ಅಲೆಗಳನ್ನು ಕ್ಷಣಕ್ಷಣಕ್ಕೂ ಅಳೆಯುವ ವಿಧಾನ. ಮಿದುಳಿನ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಸ್ಕ್ಯಾನ್‌ನಲ್ಲಿ ಕೆಲಸ ನಡೆಯುವ ಜಾಗ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಅದು ಹಿಡಿಯುವುದು ರಕ್ತದ ಆಮ್ಲಜನಕದ ಏರಿಳಿತವನ್ನು. ಅದು ತುದಿ ಮುಟ್ಟಲು 5–6 ಸೆಕೆಂಡ್ ಬೇಕು. ಅಷ್ಟರಲ್ಲಿ ಪ್ರಯೋಗಕ್ಕೆ ಬಂದವರು 'ಹಳೆಯದು' ಅಥವಾ 'ಹೊಸದು' ಅನ್ನುವ ಬಟನ್ ಒತ್ತಿ ಸುಮ್ನೆ ಕೂತಿರುತ್ತಾರೆ.

ಮೊದಲ ವಾರ ನನಗೆ ಕೈಕೊಟ್ಟಿದ್ದು ಕೊಬ್ಬರಿ ಎಣ್ಣೆ. 'ತಲೆಗೆ ಸ್ನಾನ ಮಾಡಿ ಬನ್ನಿ' ಅಂದಿದ್ದೆ. ಒಬ್ಬ ಹುಡುಗಿ ಸ್ನಾನ ಮಾಡಿ, ಆಮೇಲೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು ಬಂದಳು! ಎಲೆಕ್ಟ್ರೋಡ್‌ಗಳ ಟೋಪಿ ಹಾಕಿ, ತೂತುಗಳಿಗೆ ಜೆಲ್ ಬಿಟ್ಟು, ಮೊಂಡು ಸೂಜಿಯಲ್ಲಿ ಕೂದಲು ಸರಿಸುತ್ತಾ ಮುಕ್ಕಾಲು ಗಂಟೆ ಒದ್ದಾಡಿದೆ. ಇಂಪೀಡೆನ್ಸ್, ಅಂದರೆ ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವಿನ ವಿದ್ಯುತ್ ತಡೆ, 5 ಕಿಲೋಓಮ್‌ಗೆ ಇಳಿಯಲೇ ಇಲ್ಲ. ಕಾಫಿ ಕೊಟ್ಟು ಕಳಿಸಿದೆ. ಈಗ ಫೋನಿನಲ್ಲೇ 'ಎಣ್ಣೆ ಬೇಡ, ಹೂ ಬೇಡ, ಕ್ಲಿಪ್ ಬೇಡ' ಅಂತ ಬಿಡಿಸಿ ಹೇಳುತ್ತೇನೆ.

ಇನ್ನು ಪದಗಳು. ಏಣಿ, ಸೌಟು, ಗಾಣ, ಹಲಸು, ಬೆರಣಿ. ಎರಡು–ಮೂರು ಅಕ್ಷರದವು ಮಾತ್ರ, ಒತ್ತಕ್ಷರ ಇಲ್ಲದವು. ಎರಡು ಪಟ್ಟಿ ಮಾಡಿದೆ. ಅರ್ಧ ಜನ ಮೊದಲನೆಯದನ್ನು ಕಲಿತರು, ಉಳಿದವರು ಎರಡನೆಯದನ್ನು. ಪರೀಕ್ಷೆಯಲ್ಲಿ ಎಲ್ಲರಿಗೂ ಎರಡೂ ಬರುತ್ತವೆ. ಹೀಗಾಗಿ ಒಬ್ಬರಿಗೆ ಹಳೆಯದಾದ ಪದ ಇನ್ನೊಬ್ಬರಿಗೆ ಹೊಸದು. ಇಲ್ಲದಿದ್ದರೆ ಕಂಡ ವ್ಯತ್ಯಾಸ ನೆನಪಿನದೋ ಪದದ್ದೋ ಅಂತ ಹೇಳುವುದು ಹೇಗೆ?

ನಾವು ಹುಡುಕುವ ಅಲೆ ಕೆಲವೇ ಮೈಕ್ರೋವೋಲ್ಟ್. ಒಂದು ಸಲ ರೆಪ್ಪೆ ಬಡಿದರೆ ನೂರರ ಆಸುಪಾಸು. ಹಾಗಾಗಿ ಒಂದೇ ಪದದಲ್ಲಿ ಏನೂ ಕಾಣಲ್ಲ, ಹತ್ತಾರು ಪದಗಳ ಸರಾಸರಿ ತೆಗೆಯಬೇಕು. ತೆಗೆದಾಗ, ಪದ ಕಂಡು 500–800 ಮಿಲಿಸೆಕೆಂಡ್ ಹೊತ್ತಿಗೆ, ನೆತ್ತಿಯ ಹಿಂದೆ ಎಡಕ್ಕೆ, ಹಳೇ ಪದಗಳ ಗೆರೆ ಹೊಸದರಿಂದ ಬೇರೆಯಾಗಿ ಮೇಲೆದ್ದಿತ್ತು. ಕಲಿತದ್ದು ವಿವರ ಸಮೇತ ನೆನಪಾದಾಗ ಏಳುವ ಅಲೆ ಇದು. ಅದಕ್ಕೂ ಮುಂಚೆ, 300–500ರಲ್ಲಿ, ಹಣೆಯ ಕಡೆ ಇನ್ನೊಂದು ಬರುತ್ತದೆ. 'ಎಲ್ಲೋ ನೋಡಿದ ಹಾಗಿದೆ' ಅನ್ನುವ ಪರಿಚಯದ ಗುರುತು ಅದು ಅಂತ ಹಲವರ ವಾದ. ನನ್ನಲ್ಲಿ ಅದು ತೀರಾ ಮಸುಕು. ಅದರ ಮೇಲೆ ಬಾಜಿ ಕಟ್ಟಲಾರೆ.

ಒಬ್ಬರು ಮಾತ್ರ 'ಬೆರಣಿ'ಗೆ ಥಟ್ಟನೆ 'ಹಳೆಯದು' ಒತ್ತಿದ್ದರು. ಅವರು ಕಲಿತ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಆಮೇಲೆ ಕೇಳಿದೆ. 'ಇತ್ತು ಮೇಡಂ. ನಮ್ಮಜ್ಜಿ ಗೋಡೆಗೆ ತಟ್ಟುತ್ತಿದ್ದದ್ದು ಕಣ್ಣಿಗೆ ಕಟ್ಟಿತಲ್ಲ' ಅಂದರು. ಪಟ್ಟಿ ತೋರಿಸಿದೆ. ಎರಡು ಸಲ ಮೇಲಿಂದ ಕೆಳಗೆ ನೋಡಿದರು.

'ಇರಬೇಕಿತ್ತು' ಅಂದರು.