ಆಡ್ ಬ್ಲಾಕರ್ ನಿಲ್ಲಿಸುವ ಕ್ರಮ: ಬೇಕಾದ ತಾಣಕ್ಕೆ, ಬೇಕಾದಷ್ಟು ಹೊತ್ತಿಗೆ

ಕಳೆದ ವರ್ಷ ಜೂನ್ ತಿಂಗಳ ಒಂದು ರಾತ್ರಿ ನನ್ನ ಅಕ್ಕನ ಮಗಳು ಕಾಲೇಜು ಪ್ರವೇಶದ ಅರ್ಜಿ ತುಂಬುತ್ತಿದ್ದಳು. ಅಂಕಗಳು, ಆದಾಯ ಪ್ರಮಾಣಪತ್ರದ ಸಂಖ್ಯೆ, ಭಾವಚಿತ್ರ, ಸಹಿ ಎಲ್ಲವೂ ಮುಗಿದು ಶುಲ್ಕ ಪಾವತಿಯ ಗುಂಡಿಯನ್ನು ಒತ್ತಿದಾಗ ಏನೂ ಆಗಲಿಲ್ಲ. ಆಡ್ ಬ್ಲಾಕರ್, ಅಂದರೆ ಜಾಹೀರಾತುಗಳನ್ನು ತಡೆಯುವ ಸಾಧನ, ಇದ್ದರೆ ನಿಲ್ಲಿಸಿ ಎಂಬ ಸೂಚನೆಯೊಂದು ಪುಟದ ಮೇಲ್ಭಾಗದಲ್ಲಿತ್ತು. ಅವಳು ಗಾಬರಿಯಿಂದ ಆಡ್ ಬ್ಲಾಕರನ್ನು ಬ್ರೌಸರಿನಿಂದಲೇ ಕಿತ್ತುಹಾಕಿ, ಪುಟವನ್ನು ರಿಫ್ರೆಶ್ ಮಾಡಿ, ತುಂಬಿದ್ದನ್ನೆಲ್ಲ ಕಳೆದುಕೊಂಡು, ಮತ್ತೆ ಮೊದಲಿನಿಂದ ತುಂಬಿ, ಅದೇ ಗುಂಡಿಯನ್ನು ಒತ್ತಿದಳು. ಆಗಲೂ ಏನೂ ಆಗಲಿಲ್ಲ. ‘ಮಾಮ, ಎಲ್ಲಾ ತೆಗೆದುಹಾಕಿದೀನಿ, ಆದ್ರೂ ಬರ್ತಾ ಇಲ್ಲ’ ಎಂದು ಅವಳು ಫೋನ್ ಮಾಡಿದಾಗ ಗಂಟೆ ಹನ್ನೊಂದು ದಾಟಿತ್ತು. ಪರದೆಯ ಚಿತ್ರ ತೆಗೆದು ಕಳಿಸಲು ಹೇಳಿದೆ. ವಿಳಾಸಪಟ್ಟಿಯ ಬಲತುದಿಯಲ್ಲಿ, ಅಡ್ಡ ಗುರುತು ಹಾಕಿದ ಪುಟ್ಟ ಕಿಟಕಿಯಂಥ ಚಿಹ್ನೆಯೊಂದು ಕಾಣಿಸುತ್ತಿತ್ತು. ದಾರಿ ಕಟ್ಟಿದ್ದು ಆಡ್ ಬ್ಲಾಕರ್ ಆಗಿರಲೇ ಇಲ್ಲ. ತಾಣಗಳು ತಾವಾಗಿಯೇ ಹೊಸ ಕಿಟಕಿ ತೆರೆಯದಂತೆ ನೋಡಿಕೊಳ್ಳುವ, ಕ್ರೋಮ್‌ನೊಳಗೇ ಇರುವ ಪಾಪ್‌ಅಪ್ ತಡೆ.

ಆದ್ದರಿಂದ ಯಾವುದನ್ನು ನಿಲ್ಲಿಸಬೇಕೆಂದು ತಿಳಿದುಕೊಳ್ಳುವುದೇ ಮೊದಲ ಕೆಲಸ. ಆಡ್ ಬ್ಲಾಕರ್ ಕೆಲಸ ಮಾಡುವುದು ನಿಯಮಗಳ ಪಟ್ಟಿಗಳನ್ನು ನೋಡಿಕೊಂಡು. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಈಸಿಲಿಸ್ಟ್‌ನಲ್ಲಿ ಸಾವಿರಾರು ನಿಯಮಗಳಿವೆ. ಕೆಲವು ನಿಯಮಗಳು ಇಂಥ ವಿಳಾಸದಿಂದ ಬರುವ ಕಡತವನ್ನು ತರಿಸಲೇಬೇಡ ಎನ್ನುತ್ತವೆ. ಉಳಿದವು ಪುಟದಲ್ಲಿ ಇಂಥ ಹೆಸರಿನ ಚೌಕವಿದ್ದರೆ ಅದನ್ನು ಮರೆಮಾಡು ಎನ್ನುತ್ತವೆ. ಹೆಸರನ್ನು ನೋಡಿ ತೀರ್ಮಾನಿಸುವ ಈ ಕ್ರಮದಲ್ಲಿ ತಪ್ಪು ನುಸುಳುವುದು ಸಹಜ. ಜಾಹೀರಾತಲ್ಲದ ಚಿತ್ರವೊಂದು ‘ಆಡ್ಸ್’ ಎಂಬ ಹೆಸರಿನ ಫೋಲ್ಡರಿನಲ್ಲಿದ್ದರೆ ಅದೂ ಮಾಯವಾಗಬಹುದು; ಓದುಗರ ಎಣಿಕೆಗಾಗಿ ಇಟ್ಟ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ) ಒಂದನ್ನು ತಡೆದಾಗ, ಅದನ್ನೇ ನೆಚ್ಚಿಕೊಂಡಿದ್ದ ಪಾವತಿಯ ಗುಂಡಿಯೂ ಸತ್ತುಹೋಗಬಹುದು. ಇನ್ನು ಕೆಲವು ತಾಣಗಳು ಜಾಹೀರಾತಿನಂತೆ ಕಾಣುವ ಒಂದು ಖಾಲಿ ಚೌಕವನ್ನು ಬೇಕೆಂದೇ ಪುಟದಲ್ಲಿಟ್ಟು, ಅದರ ಎತ್ತರ ಸೊನ್ನೆಯಾಯಿತೇ ಎಂದು ಅಳೆದು ನೋಡಿ, ಆಗಿದ್ದರೆ ‘ನಿಮ್ಮ ಆಡ್ ಬ್ಲಾಕರ್ ನಿಲ್ಲಿಸಿ’ ಎಂಬ ಫಲಕವನ್ನು ಮುಂದೊಡ್ಡುತ್ತವೆ.

ಯಾವುದು ತಡೆಯುತ್ತಿದೆ ಎಂದು ಪತ್ತೆ ಹಚ್ಚಲು ಒಂದು ಸುಲಭ ಉಪಾಯವಿದೆ. ಅದೇ ವಿಳಾಸವನ್ನು ಕ್ರೋಮ್‌ನ ಇನ್‌ಕಾಗ್ನಿಟೋ ಎಂಬ ಖಾಸಗಿ ಕಿಟಕಿಯಲ್ಲಿ ತೆರೆದು ನೋಡಿ. ನೀವಾಗಿಯೇ ಅನುಮತಿ ಕೊಟ್ಟಿರದಿದ್ದರೆ ಎಕ್ಸ್‌ಟೆನ್ಷನ್‌ಗಳು, ಅಂದರೆ ಆಡ್ ಬ್ಲಾಕರಿನಂತೆ ಬ್ರೌಸರಿಗೆ ನಾವು ಸೇರಿಸಿಕೊಳ್ಳುವ ಸಾಧನಗಳು, ಆ ಕಿಟಕಿಯಲ್ಲಿ ಓಡುವುದಿಲ್ಲ. ಪುಟ ಅಲ್ಲಿ ಸರಿಯಾಗಿ ಬಂದರೆ ಎಕ್ಸ್‌ಟೆನ್ಷನ್ ಮೇಲೆ ಅನುಮಾನ ಪಡಬಹುದು. ಅಲ್ಲಿಯೂ ಬಾರದಿದ್ದರೆ ಬ್ರೌಸರಿನ ಸ್ವಂತ ತಡೆಯನ್ನೋ ಫೋನಿನ ಅಥವಾ ಮನೆಯ ರೂಟರಿನ ತಡೆಯನ್ನೋ ನೋಡಬೇಕು. ಫೈರ್‌ಫಾಕ್ಸ್‌ನ ಖಾಸಗಿ ಕಿಟಕಿಯಲ್ಲಿ ಮಾತ್ರ ಈ ಪರೀಕ್ಷೆಯನ್ನು ಪೂರ್ತಿ ನಂಬಲಾಗದು, ಏಕೆಂದರೆ ಅಲ್ಲಿ ಓದುಗರ ಜಾಡು ಹಿಡಿಯದಂತೆ ನೋಡಿಕೊಳ್ಳುವ ಅದರದೇ ತಡೆ ಮಾಮೂಲಿ ಕಿಟಕಿಗಿಂತ ಬಿಗಿಯಾಗಿರುತ್ತದೆ.

ಎಕ್ಸ್‌ಟೆನ್ಷನ್ನೇ ಕಾರಣ ಎಂದು ಗೊತ್ತಾದರೆ ಅದನ್ನು ಆ ಒಂದು ತಾಣಕ್ಕೆ ಮಾತ್ರ ನಿಲ್ಲಿಸಿದರೆ ಸಾಕು. ಬ್ರೌಸರಿನ ಬಲ ಮೇಲ್ತುದಿಯಲ್ಲಿ ಆಡ್ ಬ್ಲಾಕರಿನ ಚಿಹ್ನೆ ಕಾಣಿಸದಿದ್ದರೆ, ಅಲ್ಲೇ ಇರುವ ಒಗಟಿನ ತುಣುಕಿನ ಆಕಾರದ ಚಿಹ್ನೆಯನ್ನು ಒತ್ತಿದಾಗ ಎಕ್ಸ್‌ಟೆನ್ಷನ್‌ಗಳ ಪಟ್ಟಿ ಇಳಿದು ಬರುತ್ತದೆ. ಯುಬ್ಲಾಕ್ ಆರಿಜಿನ್ ಎಂಬ ಆಡ್ ಬ್ಲಾಕರ್ ಇರುವವರು ಅದರ ಗುರಾಣಿಯಂಥ ಚಿಹ್ನೆಯನ್ನು ಒತ್ತಿದರೆ ತೆರೆದುಕೊಳ್ಳುವ ಚಿಕ್ಕ ಫಲಕದಲ್ಲಿ ಟಿವಿಯ ಸ್ವಿಚ್ಚಿನ ಗುರುತಿರುವ ದೊಡ್ಡ ನೀಲಿ ಗುಂಡಿಯೊಂದು ಕಾಣುತ್ತದೆ. ಅದನ್ನು ಒಮ್ಮೆ ಒತ್ತಿದರೆ ನೀಲಿ ಬಣ್ಣ ಮಾಸಿ ಬೂದು ಬಣ್ಣಕ್ಕೆ ತಿರುಗುತ್ತದೆ, ಜೊತೆಗೆ ಪುಟವನ್ನು ಮತ್ತೆ ತರಿಸುವ ಸುತ್ತುಬಾಣದ ಚಿಹ್ನೆ ಮೂಡುತ್ತದೆ. ಅದನ್ನೂ ಒತ್ತಿದ ಮೇಲೆಯೇ ಬದಲಾವಣೆ ಜಾರಿಗೆ ಬರುತ್ತದೆ. ಗುಂಡಿ ಬೂದಾದರೂ ಏನೂ ಬದಲಾಗಲಿಲ್ಲ ಎಂದು ಹಲವರು ಹೇಳುವುದಕ್ಕೆ ಈ ಎರಡನೆಯ ಹೆಜ್ಜೆಯನ್ನು ಬಿಟ್ಟದ್ದೇ ಕಾರಣ. ಕೀಲಿಮಣೆಯ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಆ ಗುಂಡಿಯನ್ನು ಒತ್ತಿದರೆ ಇಡೀ ತಾಣಕ್ಕಲ್ಲದೆ ಆ ಒಂದು ಪುಟಕ್ಕೆ ಮಾತ್ರ ತಡೆ ನಿಲ್ಲುತ್ತದೆ. ಇದು ಬಹಳ ಮಂದಿಗೆ ತಿಳಿಯದ ಸೌಲಭ್ಯ.

ಕ್ರೋಮ್ ಬಳಸುವವರಿಗೆ ಇಲ್ಲಿ ಒಂದು ಮಾತು ಸೇರಿಸಬೇಕು. ಗೂಗಲ್ ಎಕ್ಸ್‌ಟೆನ್ಷನ್‌ಗಳ ನಿಯಮವನ್ನು ಮ್ಯಾನಿಫೆಸ್ಟ್ ವಿ3 ಎಂಬ ಹೊಸ ಆವೃತ್ತಿಗೆ ಬದಲಾಯಿಸಿದ ಮೇಲೆ, 2024 ಮತ್ತು 2025ರಲ್ಲಿ, ಹಳೆಯ ಯುಬ್ಲಾಕ್ ಆರಿಜಿನ್ ಕ್ರೋಮ್‌ನಲ್ಲಿ ಹಂತಹಂತವಾಗಿ ನಿಂತುಹೋಯಿತು. ಅದರ ಜಾಗದಲ್ಲಿ ಯುಬ್ಲಾಕ್ ಆರಿಜಿನ್ ಲೈಟ್ ಹಾಕಿಕೊಂಡವರಿಗೆ ದೊಡ್ಡ ಗುಂಡಿ ಸಿಗುವುದಿಲ್ಲ. ಅದರ ಬದಲು ಎಡದಿಂದ ಬಲಕ್ಕೆ ಎಳೆಯುವ ಪಟ್ಟಿಯೊಂದಿದೆ. ಅದನ್ನು ಎಡತುದಿಗೆ ಎಳೆದರೆ ಆ ತಾಣದಲ್ಲಿ ಯಾವ ಶೋಧನೆಯೂ ನಡೆಯುವುದಿಲ್ಲ. ಆಡ್‌ಬ್ಲಾಕ್ ಪ್ಲಸ್‌ನ ಫಲಕದಲ್ಲಿ ಈ ತಾಣಕ್ಕೆ ಎಂಬ ಸ್ವಿಚ್ ಇರುತ್ತದೆ, ಅದನ್ನು ಆಫ್ ಮಾಡಿ ರಿಫ್ರೆಶ್ ಒತ್ತಬೇಕು. ಹೆಸರು ಹೆಚ್ಚುಕಡಿಮೆ ಒಂದೇ ಆದರೂ ಆಡ್‌ಬ್ಲಾಕ್ ಬೇರೆಯ ಎಕ್ಸ್‌ಟೆನ್ಷನ್. ಈ ತಾಣದಲ್ಲಿ ಈ ಒಂದು ಸಲ ನಿಲ್ಲಿಸಬೇಕೋ ಯಾವಾಗಲೂ ನಿಲ್ಲಿಸಬೇಕೋ ಎಂದು ಅದು ಕೇಳುತ್ತದೆ. ಒಂದೇ ಬ್ರೌಸರಿನಲ್ಲಿ ಎರಡು ಆಡ್ ಬ್ಲಾಕರ್ ಇಟ್ಟುಕೊಂಡವರು ಎರಡನ್ನೂ ನಿಲ್ಲಿಸಬೇಕಾಗುತ್ತದೆ.

ಹಣ ಪಾವತಿಯ ವಿಷಯದಲ್ಲಿ ಮಾತ್ರ ನಾನು ಬೇರೆ ದಾರಿಯನ್ನು ಸೂಚಿಸುತ್ತೇನೆ. ಅರ್ಜಿ ಒಂದು ತಾಣದಲ್ಲಿರುತ್ತದೆ, ಹಣ ಕಟ್ಟಿಸಿಕೊಳ್ಳುವ ಗೇಟ್‌ವೇ ಇನ್ನೊಂದು ವಿಳಾಸದಲ್ಲಿರುತ್ತದೆ, ಒಟಿಪಿ ಕೇಳುವ ಬ್ಯಾಂಕಿನ ಪುಟ ಮೂರನೆಯದರಲ್ಲಿ. ಮೊದಲನೆಯ ತಾಣಕ್ಕೆ ತಡೆ ನಿಲ್ಲಿಸಿದರೆ ಉಳಿದೆರಡಕ್ಕೆ ಅದು ಅನ್ವಯಿಸದೇ ಹೋಗಬಹುದು. ಪಾವತಿಯ ನಡುವೆ ಪುಟವನ್ನು ರಿಫ್ರೆಶ್ ಮಾಡುವುದಂತೂ ಅಪಾಯ: ಖಾತೆಯಿಂದ ಹಣ ಹೋಗಿಯೂ ರಸೀದಿ ಬಾರದ ಸ್ಥಿತಿ ಹೀಗೂ ಹುಟ್ಟಬಹುದು. ಹಾಗಾಗಿ ಅರ್ಜಿಯನ್ನು ಮೊದಲು ಉಳಿಸಿಟ್ಟು, ಪಾವತಿಯ ಗುಂಡಿಯನ್ನು ಒತ್ತುವುದಕ್ಕೂ ಮುಂಚೆ, ಎಕ್ಸ್‌ಟೆನ್ಷನ್‌ಗಳನ್ನು ನಿರ್ವಹಿಸುವ ಪುಟಕ್ಕೆ ಹೋಗಿ ಆಡ್ ಬ್ಲಾಕರಿನ ಹೆಸರಿನ ಕೆಳಗಿರುವ ಸ್ವಿಚ್ಚನ್ನು ಆಫ್ ಮಾಡಿ, ಅರ್ಜಿಯ ಪುಟವನ್ನು ಮತ್ತೆ ತೆರೆದು ಮುಂದುವರಿಯಿರಿ. ಅದೇ ಜಾಗದಲ್ಲಿ ‘ರಿಮೂವ್’ ಎಂಬ ಗುಂಡಿಯೂ ಇರುತ್ತದೆ, ಅದನ್ನು ಒತ್ತಬೇಡಿ. ಸ್ವಿಚ್ ಆಫ್ ಮಾಡಿದರೆ ಎಕ್ಸ್‌ಟೆನ್ಷನ್ ಮಲಗುತ್ತದೆ ಅಷ್ಟೆ, ಕಿತ್ತುಹಾಕಿದರೆ ವರ್ಷಗಳಿಂದ ನೀವು ಮಾಡಿಕೊಂಡ ಹೊಂದಾಣಿಕೆಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ಈ ಮೊದಲೇ ಒಂದು ಸಲ ಪಾವತಿಗೆ ಪ್ರಯತ್ನಿಸಿದ್ದರೆ, ಹಣ ಕಡಿತವಾದ ಸಂದೇಶ ಬಂದಿದೆಯೇ ಎಂದು ನೋಡಿಕೊಳ್ಳದೆ ಎರಡನೆಯ ಸಲ ಕಟ್ಟಬೇಡಿ.

ಎಕ್ಸ್‌ಟೆನ್ಷನ್ ಹಾಕಿಕೊಳ್ಳದೆಯೂ ತಡೆ ಇರಬಹುದು, ಏಕೆಂದರೆ ಕೆಲವು ಬ್ರೌಸರ್‌ಗಳಲ್ಲಿ ಅದು ಹುಟ್ಟಿನಿಂದಲೇ ಇರುತ್ತದೆ. ಬ್ರೇವ್‌ನಲ್ಲಿ ವಿಳಾಸಪಟ್ಟಿಯ ಬಲಗಡೆಯ ಸಿಂಹದ ಚಿಹ್ನೆಯನ್ನು ಒತ್ತಿ ಶೀಲ್ಡ್ಸ್ ಸ್ವಿಚ್ಚನ್ನು ಆಫ್ ಮಾಡಬೇಕು. ಒಪೇರಾದಲ್ಲಿ ವಿಳಾಸಪಟ್ಟಿಯೊಳಗಿನ ಗುರಾಣಿಯನ್ನು ಒತ್ತಬೇಕು. ಫೈರ್‌ಫಾಕ್ಸ್‌ನಲ್ಲೂ ಗುರಾಣಿಯೇ, ಆದರೆ ಅದು ವಿಳಾಸಪಟ್ಟಿಯ ಎಡಗಡೆ ಇರುತ್ತದೆ. ಎಡ್ಜ್‌ನಲ್ಲಿ ಎಡಗಡೆಯ ಬೀಗದ ಚಿಹ್ನೆಯನ್ನು ಒತ್ತಿ ಆ ತಾಣದ ಟ್ರ್ಯಾಕಿಂಗ್ ಪ್ರಿವೆನ್ಷನ್ ಆಫ್ ಮಾಡಬೇಕು. ಫೈರ್‌ಫಾಕ್ಸ್ ಮತ್ತು ಎಡ್ಜ್ ಎರಡರಲ್ಲೂ ಇರುವುದು ನಿಜವಾಗಿ ಓದುಗರ ಜಾಡು ಹಿಡಿಯುವ ಸ್ಕ್ರಿಪ್ಟ್‌ಗಳ ತಡೆ. ಆದರೂ ‘ಸ್ಟ್ರಿಕ್ಟ್’ ಎಂಬ ಬಿಗಿ ಮಟ್ಟಕ್ಕೆ ಇಟ್ಟಿದ್ದರೆ ಹಲವು ಜಾಹೀರಾತುಗಳೂ ನಿಲ್ಲುವುದರಿಂದ ಕೆಲವು ತಾಣಗಳು ಅದನ್ನು ಆಡ್ ಬ್ಲಾಕರ್ ಎಂದೇ ಭಾವಿಸುತ್ತವೆ.

ಅಕ್ಕನ ಮಗಳನ್ನು ಕಾಡಿದ ಪಾಪ್‌ಅಪ್ ತಡೆಯ ಪರಿಹಾರ ಇನ್ನೂ ಚಿಕ್ಕದು. ಕ್ರೋಮ್‌ನಲ್ಲಿ ಗುಂಡಿಯನ್ನು ಒತ್ತಿದ ಕೂಡಲೇ ವಿಳಾಸಪಟ್ಟಿಯ ಬಲತುದಿಯನ್ನು ಗಮನಿಸಿ. ಅಡ್ಡ ಗುರುತಿನ ಕಿಟಕಿ ಕಂಡರೆ ಅದನ್ನು ಒತ್ತಿ, ಈ ತಾಣದ ಪಾಪ್‌ಅಪ್‌ಗಳಿಗೆ ಯಾವಾಗಲೂ ಅನುಮತಿ ಕೊಡುವ ಆಯ್ಕೆಯನ್ನು ಆರಿಸಿಕೊಂಡು ‘ಡನ್’ ಗುಂಡಿಯನ್ನು ಒತ್ತಬೇಕು. ಫೈರ್‌ಫಾಕ್ಸ್‌ನಲ್ಲಿ ಪುಟದ ಮೇಲೆ ಅಡ್ಡಪಟ್ಟಿಯೊಂದು ಬಂದು ತಾನೇ ಕೇಳುತ್ತದೆ. ಹಾಲ್‌ಟಿಕೆಟ್, ರಸೀದಿ, ಪ್ರಮಾಣಪತ್ರಗಳನ್ನು ಹೊಸ ಕಿಟಕಿಯಲ್ಲಿ ತೆರೆಯುವ ತಾಣಗಳಲ್ಲಿ ಪುಟ ಬರಲಿಲ್ಲವೆಂದರೆ ನಾನು ಮೊದಲು ನೋಡುವುದು ಈ ಮೂಲೆಯನ್ನೇ.

ಫೋನಿನಲ್ಲಿ ವಿಷಯ ಸ್ವಲ್ಪ ಗೋಜಲು. ಐಫೋನಿನ ಸಫಾರಿಯಲ್ಲಿ ವಿಳಾಸಪಟ್ಟಿಯ ಪಕ್ಕದ ಪುಟದ ಮೆನುವನ್ನು, ಅಂದರೆ ಹಿಂದಿನ ಆವೃತ್ತಿಗಳಲ್ಲಿ ಎರಡು ಇಂಗ್ಲಿಷ್ ‘ಎ’ ಅಕ್ಷರಗಳಾಗಿ ಕಾಣುತ್ತಿದ್ದ ಚಿಹ್ನೆಯನ್ನು, ಒತ್ತಿದರೆ ಕಂಟೆಂಟ್ ಬ್ಲಾಕರ್‌ಗಳನ್ನು ನಿಲ್ಲಿಸುವ ಆಯ್ಕೆ ಸಿಗುತ್ತದೆ. ಸ್ಯಾಮ್‌ಸಂಗ್ ಇಂಟರ್ನೆಟ್ ಬ್ರೌಸರಿನ ಮೆನುವಿನಲ್ಲಿ ಆಡ್ ಬ್ಲಾಕರ್ಸ್ ಎಂಬ ಪ್ರತ್ಯೇಕ ವಿಭಾಗವೇ ಇದೆ. ಆಂಡ್ರಾಯ್ಡ್ ಫೋನಿನ ಕ್ರೋಮ್ ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಕೊಳ್ಳುವುದಿಲ್ಲ. ಆದರೂ ‘ಆಡ್ ಬ್ಲಾಕರ್ ನಿಲ್ಲಿಸಿ’ ಎಂಬ ಫಲಕ ಅಲ್ಲಿ ಬರುತ್ತಿದ್ದರೆ ಪ್ರೈವೇಟ್ ಡಿಎನ್‌ಎಸ್ ಅನ್ನು ಅನುಮಾನಿಸಬೇಕು. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಈ ಸೌಲಭ್ಯವಿದೆ. ತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಾಯಿಸಿ ಕೊಡುವ ಕೆಲಸವನ್ನು ಜಾಹೀರಾತು ತಡೆಯುವ ಸೇವೆಯೊಂದಕ್ಕೆ ಒಪ್ಪಿಸಿದರೆ, ಜಾಹೀರಾತಿನ ವಿಳಾಸಗಳು ಫೋನಿಗೆ ಸಿಗುವುದೇ ಇಲ್ಲ, ಬ್ರೌಸರ್ ಯಾವುದಾದರೂ ಸರಿ. ಮನೆಯಲ್ಲಿ ಯಾರೋ ತಿಳಿದವರು ಅಪ್ಪ ಅಮ್ಮನ ಫೋನಿನಲ್ಲಿ ಇದನ್ನು ಒಮ್ಮೆ ಹೊಂದಿಸಿ ಹೋಗಿರುತ್ತಾರೆ, ಆಮೇಲೆ ಎಲ್ಲರಿಗೂ ಮರೆತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಥವಾ ಕನೆಕ್ಷನ್ಸ್ ವಿಭಾಗದೊಳಗೆ ಪ್ರೈವೇಟ್ ಡಿಎನ್‌ಎಸ್ ಹುಡುಕಿ, ಅಲ್ಲಿ ಬರೆದಿರುವ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಆಟೊಮ್ಯಾಟಿಕ್ ಎಂಬುದನ್ನು ಆರಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಆ ಚೀಟಿ ಬೇಕಾಗುತ್ತದೆ. ಪುಟ ಮನೆಯ ವೈಫೈನಲ್ಲಿ ಬಾರದೆ ಮೊಬೈಲ್ ಡೇಟಾದಲ್ಲಿ ಬಂದರೆ ತಡೆ ರೂಟರಿನಲ್ಲಿದೆ ಎಂದು ತಿಳಿಯಬಹುದು. ಆ ಹೊತ್ತಿನ ಕೆಲಸಕ್ಕೆ ಮೊಬೈಲ್ ಡೇಟಾವೇ ಸಾಕು.

ಎಲ್ಲ ತಾಣಗಳ ಕೋರಿಕೆಗೂ ಒಪ್ಪಬೇಕಾಗಿಲ್ಲ. ನೀವು ದಿನವೂ ಓದುವ, ವರದಿಗಾರರಿಗೆ ಸಂಬಳ ಕೊಡಲು ಜಾಹೀರಾತನ್ನೇ ನಂಬಿರುವ ಕನ್ನಡ ಸುದ್ದಿತಾಣ ಕೇಳಿದರೆ ಖಂಡಿತ ನಿಲ್ಲಿಸಿ. ಅದು ಓದುಗರು ಸಲ್ಲಿಸಬಹುದಾದ ನ್ಯಾಯವಾದ ಋಣ. ಆದರೆ ಸಿನಿಮಾವನ್ನು ಪುಕ್ಕಟೆ ತೋರಿಸುತ್ತೇವೆ ಎನ್ನುವ ಅಪರಿಚಿತ ತಾಣ ಕೇಳಿದರೆ ಕಿಟಕಿಯನ್ನು ಮುಚ್ಚಿಬಿಡಿ. ಜಾಹೀರಾತಿನ ಮೂಲಕ ವಂಚನೆ ನಡೆಯುವುದು ಕಲ್ಪನೆಯಲ್ಲ: ಹುಡುಕಾಟದ ಫಲಿತಾಂಶಗಳಲ್ಲಿ ಕಂಪನಿಗಳ ಹೆಸರಿನ ನಕಲಿ ಜಾಹೀರಾತುಗಳು ಬರುತ್ತಿರುವುದನ್ನು ಕಂಡು, ಅಮೆರಿಕದ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ ಜನರಿಗೆ ಆಡ್ ಬ್ಲಾಕರ್ ಬಳಸಿ ಎಂದೇ ಸಲಹೆ ಕೊಟ್ಟಿತು. ಆಡ್ ಬ್ಲಾಕರ್ ನಿಲ್ಲಿಸಲು ಇದನ್ನು ಡೌನ್‌ಲೋಡ್ ಮಾಡಿ, ಈ ಆ್ಯಪ್ ಹಾಕಿಕೊಳ್ಳಿ, ನೋಟಿಫಿಕೇಶನ್‌ಗೆ ಅನುಮತಿ ಕೊಡಿ ಎಂದು ಯಾವುದೇ ಪುಟ ಹೇಳಿದರೆ ಅದು ಮೋಸ. ನಿಲ್ಲಿಸುವ ಗುಂಡಿ ಯಾವಾಗಲೂ ನಿಮ್ಮ ಬ್ರೌಸರಿನಲ್ಲಿ ಅಥವಾ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ, ಪುಟದೊಳಗೆ ಎಂದೂ ಇರುವುದಿಲ್ಲ.

ಆ ರಾತ್ರಿ ಪಾಪ್‌ಅಪ್‌ಗೆ ಅನುಮತಿ ಕೊಟ್ಟ ಮೇಲೆ ಪಾವತಿಯ ಕಿಟಕಿ ತೆರೆಯಿತು, ರಸೀದಿಯೂ ಬಂತು. ಮರುದಿನ ನಾವಿಬ್ಬರೂ ಕೂತು ಮಾಡಿದ ಕೆಲಸವನ್ನು ನೀವೂ ಮಾಡಿ. ಎಕ್ಸ್‌ಟೆನ್ಷನ್‌ಗಳ ಪುಟದಲ್ಲಿ ಆಡ್ ಬ್ಲಾಕರಿನ ಸ್ವಿಚ್ ಮತ್ತೆ ಹೊತ್ತಿದೆಯೇ ನೋಡಿ. ಕಿತ್ತುಹಾಕಿದ್ದರೆ ಬ್ರೌಸರಿನ ಅಧಿಕೃತ ಅಂಗಡಿಯಿಂದಲೇ ಮತ್ತೆ ಹಾಕಿಕೊಳ್ಳಿ. ಯುಬ್ಲಾಕ್ ಆರಿಜಿನ್‌ನ ಡ್ಯಾಶ್‌ಬೋರ್ಡಿನಲ್ಲಿ ನೀವು ತಡೆ ನಿಲ್ಲಿಸಿದ ನಂಬಿಕೆಯ ತಾಣಗಳ ಪಟ್ಟಿ ಸಾಲುಸಾಲಾಗಿ ಇರುತ್ತದೆ. ಬೇಡವಾದ ಸಾಲನ್ನು ಅಳಿಸಿ, ಬದಲಾವಣೆಯನ್ನು ಉಳಿಸುವ ಗುಂಡಿಯನ್ನು ಒತ್ತಬೇಕು. ಪಾಪ್‌ಅಪ್ ಅನುಮತಿ ಕೊಟ್ಟ ತಾಣಗಳ ಪಟ್ಟಿ ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್ ಒಳಗಿನ ಪಾಪ್‌ಅಪ್ ವಿಭಾಗದಲ್ಲಿದೆ. ಅವಳ ಪಟ್ಟಿಯಲ್ಲಿ ಕಾಲೇಜಿನ ತಾಣದ ಕೆಳಗೆ, ಯಾವಾಗಲೋ ಕೊಟ್ಟು ಮರೆತಿದ್ದ ಇನ್ನೂ ನಾಲ್ಕು ಹೆಸರುಗಳಿದ್ದವು. ನಾಲ್ಕನ್ನೂ ತೆಗೆದೆವು, ಕಾಲೇಜಿನದನ್ನು ಪ್ರವೇಶ ಪತ್ರ ಕೈಗೆ ಬರುವ ತನಕ ಉಳಿಸಿಕೊಂಡೆವು.