ಆಸ್ಟ್ರೇಲಿಯಾದಲ್ಲಿ ಸಬ್ಮಿಷನ್ ಬರೆಯುವ ಮೊದಲು ದೂರು ಕೊಡಿ

ಆಸ್ಟ್ರೇಲಿಯಾದ ಸಂವಿಧಾನದಲ್ಲಿ ನಮ್ಮಲ್ಲಿರುವಂಥ ಮೂಲಭೂತ ಹಕ್ಕುಗಳ ಪಟ್ಟಿ ಇಲ್ಲ. ಧರ್ಮದ ಸ್ವಾತಂತ್ರ್ಯದಂಥ ಬೆರಳೆಣಿಕೆಯ ಹಕ್ಕುಗಳಷ್ಟೇ ಅದರಲ್ಲಿವೆ. ಹೊಸದಾಗಿ ಬಂದವರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ. ಮಾನವ ಹಕ್ಕುಗಳಿಗೆಂದೇ ಕಾಯ್ದೆ ಇರುವುದು ಕ್ಯಾನ್ಬೆರಾ (2004), ವಿಕ್ಟೋರಿಯಾ (2006), ಕ್ವೀನ್ಸ್‌ಲ್ಯಾಂಡ್ (2019) ಈ ಮೂರು ಕಡೆ ಮಾತ್ರ. ಇಡೀ ದೇಶಕ್ಕೆ ಅಂಥದ್ದಿಲ್ಲ.

ಬೇಕೋ ಬೇಡವೋ ಅಂತ ಜನರನ್ನು ಕೇಳುವುದಕ್ಕೆ ಮಾತ್ರ ಕೊರತೆ ಇಲ್ಲ. 2008ರ ಡಿಸೆಂಬರ್‌ನಲ್ಲಿ ಸರ್ಕಾರ ನೇಮಿಸಿದ ಜೆಸ್ವಿಟ್ ಪಾದ್ರಿ ಫ್ರಾಂಕ್ ಬ್ರೆನ್ನನ್ ಅವರ ಸಮಿತಿ ಕೆಲಸ ಶುರು ಮಾಡಿ ಊರೂರು ಸುತ್ತಿತು. 35,000ಕ್ಕೂ ಹೆಚ್ಚು ಸಬ್ಮಿಷನ್, ಅಂದರೆ ಜನ ಬರೆದು ಕಳಿಸಿದ ಅಭಿಪ್ರಾಯಗಳು, ಬಂದವು. 2009ರಲ್ಲಿ ಸಮಿತಿ ಕಾಯ್ದೆ ಬೇಕು ಅಂದಿತು, 2010ರಲ್ಲಿ ಸರ್ಕಾರ ಒಲ್ಲೆ ಅಂದಿತು. ಕೊನೆಗೆ ಸಿಕ್ಕಿದ್ದು 2011ರ ಒಂದು ಸಣ್ಣ ಕಾಯ್ದೆ. ಪ್ರತಿ ಮಸೂದೆಯೂ ಹಕ್ಕುಗಳಿಗೆ ಹೊಂದುತ್ತದೋ ಇಲ್ಲವೋ ಅಂತ ಬರೆದುಕೊಡಬೇಕು, ಸಂಸತ್ತಿನ ಜಂಟಿ ಸಮಿತಿ ಅದನ್ನು ನೋಡಬೇಕು, ಅಷ್ಟೇ. 2023ರಲ್ಲಿ ಆ ಜಂಟಿ ಸಮಿತಿಯೇ ಮತ್ತೆ ಜನರನ್ನು ಕೇಳಿತು. 2024ರ ಮೇನಲ್ಲಿ ಅದೂ ಕಾಯ್ದೆ ಬೇಕು ಅಂದಿತು.

ಇಂಥ ಕರೆಗಳಿಗೆ ಬರೆಯಲು ಸಿಟಿಜನ್ ಆಗಿರಬೇಕಿಲ್ಲ, ಟೆಂಪರರಿ ವೀಸಾದವರೂ ಬರೆಯಬಹುದು. ಖಂಡಿತ ಬರೆಯಿರಿ. ಆದರೆ ನಿಮ್ಮ ಸ್ವಂತ ಜಗಳ ಅಲ್ಲಿ ಬಗೆಹರಿಯುತ್ತದೆ ಅಂತ ಕಾಯಬೇಡಿ.

ನಮ್ಮ ಪರಿಚಯದ ದಾವಣಗೆರೆ ಹುಡುಗ ಗೋದಾಮೊಂದರಲ್ಲಿ ಕೆಲಸಕ್ಕಿದ್ದ. ಸೂಪರ್‌ವೈಸರ್ ದಿನಾ ಅವನ ಇಂಗ್ಲಿಷನ್ನು ಅಣಕಿಸುತ್ತಿದ್ದ. ಒಂದು ದಿನ ಎದುರು ಮಾತಾಡಿದ, ಕೆಲಸ ಹೋಯಿತು. ಆ ಹೊತ್ತಿಗೆ ಸಮಿತಿಯೊಂದು ಅಭಿಪ್ರಾಯ ಕೇಳುತ್ತಿತ್ತು. ಪುಟಗಟ್ಟಲೆ ಬರೆದು ಕಳಿಸಿದ. ತಲುಪಿದೆ ಅಂತ ಇಮೇಲ್ ಬಂತು. ಅದನ್ನು ಪ್ರಿಂಟ್ ತೆಗೆದು, ಪೇ ಸ್ಲಿಪ್‌ಗಳ ಮೇಲೆ ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟುಕೊಂಡಿದ್ದ. "ಪಾರ್ಲಿಮೆಂಟಿಗೇ ಹೋಗಿದೆ ಅಣ್ಣ, ಇವರನ್ನ ಕರೆಸಿ ಕೇಳ್ತಾರೆ" ಅಂದ. ಯಾರನ್ನೂ ಕರೆಸಲಿಲ್ಲ. ಒಬ್ಬೊಬ್ಬರ ಜಗಳಕ್ಕೆ ಕರೆಸಿ ಕೇಳುವುದು ಸಮಿತಿಯ ಕೆಲಸ ಅಲ್ಲವೇ ಅಲ್ಲ. ಅದು ಕಾನೂನು ಹೇಗಿರಬೇಕು ಅಂತ ವರದಿ ಬರೆಯುತ್ತದೆ. ಅವನು ವಕೀಲರ ಹತ್ತಿರ ಹೋಗುವಷ್ಟರಲ್ಲಿ ಕೆಲಸ ವಾಪಸ್ ಕೇಳುವ ಗಡುವು ಮುಗಿದಿತ್ತು.

ಆ ಗಡುವು ಬರೀ 21 ದಿನ, ಶನಿವಾರ ಭಾನುವಾರ ಸೇರಿಸಿ. ಕೆಲಸದಿಂದ ತೆಗೆದರೆ ಅಷ್ಟರೊಳಗೆ ಕೆಲಸದ ತಕರಾರು ನೋಡುವ ಫೇರ್ ವರ್ಕ್ ಕಮಿಷನ್‌ಗೆ ಅರ್ಜಿ ಹೋಗಿರಬೇಕು. ತೀರಾ ಅಸಾಧಾರಣ ಕಾರಣ ಇದ್ದರೆ ಮಾತ್ರ ಗಡುವು ಮುಂದೆ ಹೋಗುತ್ತದೆ, ಗೊತ್ತಿರಲಿಲ್ಲ ಅನ್ನುವುದು ಅದರಲ್ಲಿ ಬರುವುದಿಲ್ಲ. ಬಣ್ಣ, ಜನಾಂಗ, ಲಿಂಗದ ಮೇಲೆ ತಾರತಮ್ಯ ಆಗಿದ್ದರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು, ಶುಲ್ಕ ಇಲ್ಲ. ಅಲ್ಲಿ 24 ತಿಂಗಳು ದಾಟಿದ ದೂರನ್ನು ಕೈಬಿಡಬಹುದು. ನ್ಯೂ ಸೌತ್ ವೇಲ್ಸ್‌ನ ರಾಜ್ಯ ಸಂಸ್ಥೆಗೆ ಹೋದರೆ ಲೆಕ್ಕ 12 ತಿಂಗಳು. ರಾಜಿ ಆಗದೆ ರಾಷ್ಟ್ರೀಯ ಆಯೋಗ ದೂರು ಮುಗಿಸಿದರೆ, ಕೋರ್ಟಿಗೆ ಹೋಗಲು 60 ದಿನ. ಕೆಲಸ ಹೋದ ಒಂದೇ ವಿಷಯಕ್ಕೆ ಫೇರ್ ವರ್ಕ್ ಮತ್ತು ತಾರತಮ್ಯದ ದೂರು, ಈ ಎರಡೂ ಬಾಗಿಲು ಒಟ್ಟಿಗೆ ತಟ್ಟಲು ಬಿಡುವುದಿಲ್ಲ. ಯಾವುದು ಒಳ್ಳೆಯದು ಅಂತ ನಿಮ್ಮ ಏರಿಯಾದ ಕಮ್ಯುನಿಟಿ ಲೀಗಲ್ ಸೆಂಟರ್‌ನಲ್ಲಿ ಕೇಳಿ, ಸಲಹೆ ಪುಕ್ಕಟೆ. ಫೇಸ್‌ಬುಕ್ ಗ್ರೂಪಿನಲ್ಲಿ ಕೇಳಬೇಡಿ, ದಯವಿಟ್ಟು.

ನನ್ನನ್ನು ಕೇಳಿದರೆ ಕಾಗದದ ಮೇಲೆ ನಮ್ಮ ಭಾರತದ್ದೇ ಮೇಲು. 32ನೇ ವಿಧಿ ಹಿಡಿದು ನೇರ ಸುಪ್ರೀಂ ಕೋರ್ಟಿಗೇ ಹೋಗಬಹುದು, ಅಂಥ ದಾರಿ ಇಲ್ಲಿ ಇಲ್ಲ. ಆದರೆ ಕಾನೂನು ಮಾಡುವ ಮೊದಲು ಕೇಳುವ ವಿಷಯದಲ್ಲಿ ಇವರೇ ವಾಸಿ. ಯಾರು ಏನು ಬರೆದರು ಅಂತ ಸಂಸತ್ತಿನ ವೆಬ್‌ಸೈಟಿನಲ್ಲಿ ಕೂತು ಓದಬಹುದು.

ಅಲ್ಲೂ ಒಂದು ಎಚ್ಚರಿಕೆ. ನಿಮ್ಮ ಸಬ್ಮಿಷನ್ ಪ್ರಕಟವಾದರೆ ಮುಂದೆ ಕೆಲಸ ಕೊಡುವವನೂ ಹುಡುಕಿ ಓದಬಹುದು. ಹೆಸರು ಮುಚ್ಚಿಡಿ ಅಂತ ಕೇಳಿದರೆ ಬರಹ ಪ್ರಕಟ ಆಗುತ್ತದೆ, ಹೆಸರು ಮಾತ್ರ ಇರುವುದಿಲ್ಲ. ಪೂರ್ತಿ ಗೌಪ್ಯವಾಗಿಡಿ ಅಂತ ಕೇಳಿ, ಸಮಿತಿ ಒಪ್ಪಿದರೆ ಬರಹವೂ ಹೊರಗೆ ಬರುವುದಿಲ್ಲ. ಯಾವುದು ಬೇಕೋ ಕಳಿಸುವಾಗಲೇ ಬರೆಯಿರಿ. ಸಮಿತಿ ಪ್ರಕಟಿಸುವ ಮೊದಲು ವಾಟ್ಸಾಪ್‌ನಲ್ಲಿ ಹಂಚಲೂಬೇಡಿ. ಸಂಸತ್ತಿನ ವಿಶೇಷ ರಕ್ಷಣೆ ಆ ಪ್ರತಿಗೆ ಇರುವುದಿಲ್ಲ, ಅದರಲ್ಲಿ ಹೆಸರಿಸಿದವರು ಮಾನನಷ್ಟದ ನೋಟಿಸ್ ಕಳಿಸಬಹುದು.