ಸಣ್ಣ ಕಾರ್ಡ್ ಗೇಮ್ ಟೂರ್ನಮೆಂಟ್‌ಗೆ ತಯಾರಿ: ಡೆಕ್ ಎಣಿಸುವುದರಿಂದ ಕೊನೆಯ ರೌಂಡ್‌ವರೆಗೆ

ಎಂಟು ಜನರಿಂದ ಮೂವತ್ತು ಜನರವರೆಗೆ ಸೇರುವ ಸಣ್ಣ ಟ್ರೇಡಿಂಗ್ ಕಾರ್ಡ್ ಗೇಮ್ (ಪೋಕೆಮಾನ್, ಯು-ಗಿ-ಓ, ಮ್ಯಾಜಿಕ್‌ನಂಥ ಆಟಗಳ) ಟೂರ್ನಮೆಂಟ್‌ಗಳಲ್ಲಿ ಹೊಸಬರು ಸೋಲುವುದಕ್ಕೆ ಎದುರಾಳಿಯ ಜಾಣತನವೇ ಕಾರಣ ಆಗಿರಬೇಕೆಂದಿಲ್ಲ. ಡೆಕ್‌ನಲ್ಲಿ (ಆಡಲು ತರುವ ಕಾರ್ಡ್ ಕಟ್ಟಿನಲ್ಲಿ) ಒಂದು ಕಾರ್ಡ್ ಕಡಿಮೆ ಇರುತ್ತದೆ, ಸ್ಲೀವ್ (ಕಾರ್ಡ್‌ಗೆ ಹಾಕುವ ಪ್ಲಾಸ್ಟಿಕ್ ಹೊದಿಕೆ) ಅಂಟಿಕೊಂಡು ಎರಡು ಕಾರ್ಡ್ ಒಟ್ಟಿಗೆ ಕೈಗೆ ಬರುತ್ತವೆ, ಮೂರನೇ ಆಟ ಅರ್ಧದಲ್ಲಿರುವಾಗ ಸಮಯ ಮುಗಿಯುತ್ತದೆ, ಮನಸ್ಸಿನಲ್ಲೇ ಆಡಿದ ನಡೆಯನ್ನು ಬಾಯಿಬಿಟ್ಟು ಹೇಳಿರುವುದಿಲ್ಲ. ಇವೆಲ್ಲ ಮನೆಯಲ್ಲಿ ಕೂತು ಸರಿಮಾಡಿಕೊಳ್ಳಬಹುದಾದ ತಪ್ಪುಗಳು. ಹಾಗಾಗಿ ಯಾವ ಡೆಕ್ ಬಲವಾದದ್ದು ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ.

ಮೊದಲು ಕೇಳಿ ತಿಳಿಯಬೇಕಾದದ್ದು

ಹೆಸರು ಕೊಡುವಾಗಲೇ ಫಾರ್ಮ್ಯಾಟ್ (ಯಾವ ಕಾರ್ಡ್‌ಗಳನ್ನು ಬಳಸಬಹುದು ಎಂಬ ನಿಯಮ) ಯಾವುದು, ಒಂದು ಪಂದ್ಯಕ್ಕೆ ಒಂದೇ ಆಟವೋ ಮೂರರಲ್ಲಿ ಎರಡು ಗೆಲ್ಲಬೇಕೋ, ಒಂದು ರೌಂಡ್‌ಗೆ ಎಷ್ಟು ನಿಮಿಷ, ಡೆಕ್ ಲಿಸ್ಟ್ ಬರೆದು ಕೊಡಬೇಕೋ ಎಂದು ಕೇಳಿಕೊಳ್ಳಿ. ಫಾರ್ಮ್ಯಾಟ್ ಗೊತ್ತಾದ ಮೇಲೆ ಪ್ರತಿ ಕಾರ್ಡ್ ಅದರಲ್ಲಿ ನಡೆಯುತ್ತದೆಯೇ ನೋಡಿ. ಪೋಕೆಮಾನ್ ಸ್ಟ್ಯಾಂಡರ್ಡ್‌ನಲ್ಲಿ ಕಾರ್ಡ್‌ನ ಕೆಳಗಿನ ಎಡಮೂಲೆಯಲ್ಲಿರುವ ಚಿಕ್ಕ ಅಕ್ಷರ ಮುಖ್ಯ, ಯಾವ ಅಕ್ಷರಗಳು ಚಾಲ್ತಿಯಲ್ಲಿವೆ ಎಂಬುದು ಕಾಲಕಾಲಕ್ಕೆ ಬದಲಾಗುತ್ತದೆ. ಯು-ಗಿ-ಓದಲ್ಲಿ ನಿಷೇಧ-ಮಿತಿ ಪಟ್ಟಿಯನ್ನು ನೋಡಬೇಕು: ಕೆಲವು ಕಾರ್ಡ್ ಪೂರ್ತಿ ನಿಷೇಧ, ಕೆಲವು ಒಂದೇ ಪ್ರತಿ, ಕೆಲವು ಎರಡು. ಮ್ಯಾಜಿಕ್: ದಿ ಗ್ಯಾದರಿಂಗ್‌ನಲ್ಲಿ ಸ್ಟ್ಯಾಂಡರ್ಡ್ ಆಡುವುದಾದರೆ ಯಾವ ಸೆಟ್‌ಗಳು ಹೊರಬಿದ್ದಿವೆ ಎಂದೂ ನೋಡಿ. ಆರು ತಿಂಗಳ ಹಿಂದೆ ಸರಿಯಿದ್ದ ಡೆಕ್ ಈಗಲೂ ಸರಿಯಿದೆ ಎಂದುಕೊಳ್ಳಬೇಡಿ.

ಎಣಿಕೆಯ ನಿಯಮ ಆಟದಿಂದ ಆಟಕ್ಕೆ ಬೇರೆ. ಪೋಕೆಮಾನ್‌ನಲ್ಲಿ ಸರಿಯಾಗಿ 60 ಕಾರ್ಡ್, ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇರಬಾರದು. ಬೇಸಿಕ್ ಎನರ್ಜಿಗೆ ಮಾತ್ರ ಈ ಮಿತಿ ಇಲ್ಲ. ಮ್ಯಾಜಿಕ್‌ನ ಸಾಮಾನ್ಯ ಡೆಕ್‌ನಲ್ಲಿ ಕನಿಷ್ಠ 60, ಜೊತೆಗೆ 15ರವರೆಗೆ ಸೈಡ್‌ಬೋರ್ಡ್ (ಎರಡು ಆಟಗಳ ನಡುವೆ ಬದಲಿಸಿಕೊಳ್ಳಲು ಇಡುವ ಕಾರ್ಡ್‌ಗಳು). ನಾಲ್ಕು ಪ್ರತಿಗಳ ಮಿತಿ ಎರಡೂ ಸೇರಿ. ಯು-ಗಿ-ಓದಲ್ಲಿ ಮುಖ್ಯ ಡೆಕ್ 40ರಿಂದ 60, ಎಕ್ಸ್‌ಟ್ರಾ ಡೆಕ್ 15ರವರೆಗೆ, ಸೈಡ್ ಡೆಕ್ 15ರವರೆಗೆ, ಮೂರೂ ಸೇರಿ ಒಂದು ಕಾರ್ಡ್‌ಗೆ ಮೂರೇ ಪ್ರತಿ.

"ಕನಿಷ್ಠ" ಎಂದಿರುವಲ್ಲಿ ಕನಿಷ್ಠಕ್ಕೇ ನಿಲ್ಲಿ. 60 ಕಾರ್ಡ್‌ನಲ್ಲಿ ನಾಲ್ಕು ಪ್ರತಿ ಇರುವ ಒಂದು ಕಾರ್ಡ್, ಶುರುವಿನಲ್ಲಿ ಎಳೆಯುವ ಏಳು ಕಾರ್ಡ್‌ಗಳ ಕೈಯಲ್ಲಿ ಒಂದಾದರೂ ಬರುವ ಸಾಧ್ಯತೆ ಸುಮಾರು 40%. 40ರ ಡೆಕ್‌ನಲ್ಲಿ ಮೂರು ಪ್ರತಿ ಇರುವುದು ಐದರ ಕೈಯಲ್ಲಿ ಬರುವುದು ಸುಮಾರು 34%. "ಇದೂ ಇರಲಿ" ಎಂದು ಸೇರಿಸುವ ಒಂದೊಂದು ಕಾರ್ಡೂ ಈ ಅಂಕಿಯನ್ನು ತಿನ್ನುತ್ತಾ ಹೋಗುತ್ತದೆ. ಪೋಕೆಮಾನ್ ಆಡುವವರು ಇನ್ನೊಂದು ಲೆಕ್ಕವನ್ನೂ ಮನಸ್ಸಿನಲ್ಲಿಡಬೇಕು: ಆಟದ ಶುರುವಿನಲ್ಲೇ ಆರು ಕಾರ್ಡ್ ಪ್ರೈಜ್ ಆಗಿ ಮಗುಚಿ ಪಕ್ಕಕ್ಕೆ ಹೋಗುವುದರಿಂದ, ಒಂದೇ ಪ್ರತಿ ಇರುವ ಕಾರ್ಡ್ ಅಲ್ಲಿ ಸಿಕ್ಕಿಬೀಳುವ ಸಾಧ್ಯತೆ ಹತ್ತರಲ್ಲಿ ಒಂದು. ಡೆಕ್‌ನೊಳಗೆ ಮೊದಲ ಸಲ ಹುಡುಕುವ ಅವಕಾಶ ಸಿಕ್ಕಾಗಲೇ ಯಾವ ಮುಖ್ಯ ಕಾರ್ಡ್ ಕಾಣುತ್ತಿಲ್ಲ ಎಂದು ಗುರುತಿಸುವ ಅಭ್ಯಾಸ ಮಾಡಿ. ಇಡೀ ಆಟದ ಯೋಜನೆ ಆ ಕೆಲವು ಸೆಕೆಂಡುಗಳ ಮೇಲೆ ನಿಂತಿರುತ್ತದೆ.

ಸ್ಲೀವ್: ಇಲ್ಲಿ ಉಳಿತಾಯ ಬೇಡ

ಮ್ಯಾಜಿಕ್ ಮತ್ತು ಪೋಕೆಮಾನ್ ಕಾರ್ಡ್‌ಗಳ ಅಳತೆ ಸುಮಾರು 63×88 ಮಿಲಿಮೀಟರ್, ಯು-ಗಿ-ಓ ಕಾರ್ಡ್ 59×86. ಸಣ್ಣ ಕಾರ್ಡನ್ನು ದೊಡ್ಡ ಸ್ಲೀವ್‌ಗೆ ಹಾಕಿದರೆ ಒಳಗೆ ಅಲುಗಾಡುತ್ತದೆ, ಶಫಲ್ ಮಾಡುವಾಗ (ಕಾರ್ಡ್ ಕಲಸುವಾಗ) ಸ್ಲೀವ್‌ನ ಅಂಚು ಮಡಚುತ್ತದೆ. ಅಳತೆ ನೋಡಿ ಕೊಳ್ಳಿ. ಹಿಂಬದಿ ಪೂರ್ತಿ ಅಪಾರದರ್ಶಕವಾಗಿರಲಿ. ಡೆಕ್ ಮತ್ತು ಸೈಡ್‌ಬೋರ್ಡ್ ಸೇರಿ 75 ಆದರೆ ಅಷ್ಟಕ್ಕೂ ಒಂದೇ ಬಣ್ಣ, ಒಂದೇ ತಯಾರಿಕೆ, ಆದಷ್ಟೂ ಒಂದೇ ಸಮಯದಲ್ಲಿ ಒಡೆದ ಪ್ಯಾಕ್. ಹತ್ತು ಸ್ಲೀವ್ ಬಿಡಿಯಾಗಿ ಜೊತೆಯಲ್ಲಿರಲಿ, ಆದರೆ ಅವನ್ನೂ ಡೆಕ್ ಜೊತೆ ಸ್ವಲ್ಪ ದಿನ ಬಳಸಿರಬೇಕು. ಇಲ್ಲದಿದ್ದರೆ ಹರಿದ ಒಂದರ ಜಾಗಕ್ಕೆ ಹೊಚ್ಚ ಹೊಸದು ಹಾಕಿದ ತಕ್ಷಣ ಅದೊಂದೇ ಹೊಳೆಯುತ್ತಾ ಎದ್ದು ಕಾಣುತ್ತದೆ.

ಹಿಂಬದಿಯಿಂದಲೇ ಗುರುತು ಸಿಗುವ ಕಾರ್ಡ್ ಇದ್ದರೆ ಅದು ಗುರುತು ಮಾಡಿದ ಡೆಕ್ ಎನಿಸಿಕೊಳ್ಳುತ್ತದೆ. ನೀವು ಬೇಕೆಂದೇ ಮಾಡದಿದ್ದರೂ ಜಡ್ಜ್ ಕೇಳಿಯೇ ಕೇಳುತ್ತಾರೆ. ಎಲ್ಲೋ ಮೂರು ಸ್ಲೀವ್ ಸವೆದಿದ್ದರೆ ಬದಲಾಯಿಸಿ ಎನ್ನಬಹುದು. ಸವೆದ ನಾಲ್ಕೂ ಒಂದೇ ಮುಖ್ಯ ಕಾರ್ಡ್‌ನ ನಾಲ್ಕು ಪ್ರತಿಗಳೇ ಆಗಿದ್ದರೆ ಸಂಗತಿ ಗಂಭೀರ. ಹೆಚ್ಚಾಗಿ ಕೈಗೆ ಬರುವ ಕಾರ್ಡ್ ಬೇಗ ಸವೆಯುವುದು ಸಹಜ, ಅದಕ್ಕೇ ಆಗಾಗ ಎಲ್ಲಾ ಸ್ಲೀವ್ ತೆಗೆದು, ಬೆರೆಸಿ, ಮತ್ತೆ ಹಾಕಬೇಕು.

ಫಾಯಿಲ್ (ಹೊಳೆಯುವ ಪದರ ಇರುವ) ಕಾರ್ಡ್‌ಗಳ ತೊಂದರೆ ಬೇರೆ. ಹಾಳೆಯ ಭಾಗ ಗಾಳಿಯ ತೇವ ಹೀರುತ್ತದೆ, ಫಾಯಿಲ್ ಪದರ ಹೀರುವುದಿಲ್ಲ. ಹಾಗಾಗಿ ಕಾರ್ಡ್ ಬಾಗುತ್ತದೆ. ಪರೀಕ್ಷೆ ಹೀಗೆ: ಡೆಕ್ಕನ್ನು ಮಗುಚಿ ಮೇಜಿನ ಮೇಲಿಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಬದಿಯಿಂದ ನೋಡಿ. ನಡುವೆ ಕೂದಲೆಳೆಯಷ್ಟು ಸಂದು ಕಂಡರೆ ಅಲ್ಲೊಂದು ಬಾಗಿದ ಕಾರ್ಡ್ ಇದೆ. ಆಮೇಲೆ ನೋಡದೆ ಹತ್ತು ಸಲ ಕಟ್ ಮಾಡಿ (ಡೆಕ್ಕನ್ನು ಎರಡು ಭಾಗ ಮಾಡಿ ಅಡಿಯದನ್ನು ಮೇಲಿಡಿ). ಅದೇ ಕಾರ್ಡ್‌ನ ಬಳಿ ಕಟ್ ಮತ್ತೆ ಮತ್ತೆ ಬೀಳುತ್ತಿದ್ದರೆ, ಎಷ್ಟೇ ಪ್ರೀತಿಯ ಫಾಯಿಲ್ ಆದರೂ ತೆಗೆದು ಸಾದಾ ಪ್ರತಿ ಹಾಕಿ.

ಹೊಸ ಸ್ಲೀವ್ ಒಂದಕ್ಕೊಂದು ಅಂಟುತ್ತವೆ. ಟೂರ್ನಮೆಂಟ್ ದಿನ ಬೆಳಿಗ್ಗೆ ಸ್ಲೀವ್ ಬದಲಿಸಿದವರು ಮೊದಲ ರೌಂಡ್‌ನಲ್ಲೇ ಒಂದರ ಬದಲು ಎರಡು ಕಾರ್ಡ್ ಎಳೆದುಕೊಂಡು ಜಡ್ಜ್ ಕರೆಯುವುದು ತೀರಾ ಸಾಮಾನ್ಯ ದೃಶ್ಯ. ಎರಡು ಮೂರು ದಿನ ಮೊದಲೇ ಹಾಕಿ, ನಾಲ್ಕೈದು ಆಟ ಆಡಿ ಪಳಗಿಸಿ.

ಶಫಲ್

1992ರಲ್ಲಿ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ಪ್ರಕಟಿಸಿದ ಗಣಿತದ ಪ್ರಕಾರ, 52 ಎಲೆಗಳ ಇಸ್ಪೀಟ್ ಕಟ್ಟನ್ನು ಎರಡು ಭಾಗ ಮಾಡಿ ಹೆಣೆಯುವ ರೀತಿಯಲ್ಲಿ ಸುಮಾರು ಏಳು ಸಲ ಕಲಸಿದರೆ ಕ್ರಮ ಚೆನ್ನಾಗಿ ಕದಡುತ್ತದೆ. 60 ಕಾರ್ಡ್‌ಗೆ ಎಂಟು ಒಂಬತ್ತು ಸಲ ಮಾಡಿ. ಸ್ಲೀವ್ ಹಾಕಿದ ಕಾರ್ಡನ್ನು ಬಗ್ಗಿಸಬೇಕಾಗಿಲ್ಲ. ಎರಡು ಭಾಗಗಳ ಉದ್ದ ಅಂಚನ್ನು ಎದುರುಬದುರು ಹಿಡಿದು ಒಂದರೊಳಗೊಂದು ಮೆಲ್ಲಗೆ ಒತ್ತಿದರೆ ಸಾಕು. ಕಾರ್ಡ್‌ಗಳ ಮುಖ ನಿಮ್ಮ ಕಡೆಗಾಗಲಿ ಎದುರಾಳಿಯ ಕಡೆಗಾಗಲಿ ತಿರುಗದಿರಲಿ.

ಐದಾರು ಗುಡ್ಡೆ ಮಾಡಿ ಒಂದೊಂದೇ ಕಾರ್ಡ್ ಹಂಚುವುದು ಶಫಲ್ ಅಲ್ಲ, ಅದು ಎಣಿಕೆ. ಮ್ಯಾಜಿಕ್‌ನಲ್ಲಿ ಅದನ್ನು ಪ್ರತಿ ಆಟದ ಶುರುವಿನಲ್ಲಿ ಒಮ್ಮೆ, ಎಣಿಸುವುದಕ್ಕೆಂದು ಮಾತ್ರ ಮಾಡಬಹುದು. ಆಟ ಮುಗಿದ ಮೇಲೆ ಲ್ಯಾಂಡ್‌ಗಳನ್ನು (ಉಳಿದ ಕಾರ್ಡ್ ಆಡಲು ಶಕ್ತಿ ಕೊಡುವ ಕಾರ್ಡ್‌ಗಳನ್ನು) ಉಳಿದ ಕಾರ್ಡ್‌ಗಳ ನಡುವೆ ಎರಡಕ್ಕೊಂದರಂತೆ ಪೋಣಿಸುವ ಚಾಳಿ ಇದ್ದರೆ ಇಂದೇ ಬಿಡಿ. ನಂತರ ಚೆನ್ನಾಗಿ ಕಲಸಿದರೆ ಆ ಪೋಣಿಕೆಯಿಂದ ಏನೂ ಪ್ರಯೋಜನವಿಲ್ಲ. ಪ್ರಯೋಜನ ಆಗುವಷ್ಟು ಕಡಿಮೆ ಕಲಸಿದರೆ ಅದು ಮೋಸ. ಕಲಸಿ ಆದ ಮೇಲೆ ಡೆಕ್ಕನ್ನು ಎದುರಾಳಿಯ ಮುಂದಿಡಿ, ಅವರದ್ದನ್ನು ನೀವೂ ಶಫಲ್ ಅಥವಾ ಕಟ್ ಮಾಡಿ. ಯಾರೂ ಇದನ್ನು ಅನುಮಾನ ಎಂದು ತಿಳಿಯುವುದಿಲ್ಲ.

ಗಡಿಯಾರ ಇಟ್ಟುಕೊಂಡು ಅಭ್ಯಾಸ

50 ನಿಮಿಷದ ರೌಂಡ್‌ನಲ್ಲಿ ಮೂರು ಆಟ ಎಂದರೆ ಒಂದಕ್ಕೆ ಹದಿನಾರು ನಿಮಿಷ ಚಿಲ್ಲರೆ, ಶಫಲ್ ಮತ್ತು ಸೈಡ್‌ಬೋರ್ಡ್ ಬದಲಾವಣೆಯೂ ಅದರಲ್ಲೇ. ಅದರಲ್ಲಿ ನಿಮ್ಮ ಪಾಲು ಎಂಟು ನಿಮಿಷ. ಮನೆಯಲ್ಲಿ ಗಡಿಯಾರ ಇಲ್ಲದೆ ಆಡಿದವರಿಗೆ ಇದು ಎಷ್ಟು ಬೇಗ ಕರಗುತ್ತದೆ ಎಂಬ ಅಂದಾಜೇ ಇರುವುದಿಲ್ಲ. ಎದುರಾಳಿ ಆಡುವಾಗಲೇ ನಿಮ್ಮ ನಡೆ ಯೋಚಿಸಿ. ಹಿಂದಿನ ರಾತ್ರಿ ಹೊಸ ಡೆಕ್ ಕಟ್ಟಬೇಡಿ: ಇಪ್ಪತ್ತು ಸಲ ಆಡಿದ ಸಾಧಾರಣ ಡೆಕ್, ಎರಡು ಸಲ ಆಡಿದ ಒಳ್ಳೆಯ ಡೆಕ್‌ಗಿಂತ ಮೇಲು ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಮೊದಲ ಕೈ ಇಟ್ಟುಕೊಳ್ಳಬೇಕೋ ಬದಲಿಸಬೇಕೋ ಎಂಬುದನ್ನೂ ಮೊದಲೇ ಅಭ್ಯಾಸ ಮಾಡಿ. ಏಳು ಕಾರ್ಡ್ ತೆಗೆದು ನೋಡಿ, ತೀರ್ಮಾನ ಹೇಳಿ, ಮತ್ತೆ ಕಲಸಿ. ಹೀಗೆ ಮೂವತ್ತು ಕೈ. ಮ್ಯಾಜಿಕ್‌ನಲ್ಲಿ ಮಲ್ಲಿಗನ್ ಮಾಡಿದಾಗ (ಮೊದಲ ಕೈ ಬದಲಿಸಿದಾಗ) ಮತ್ತೆ ಏಳೇ ತೆಗೆದು, ಎಷ್ಟು ಸಲ ಬದಲಿಸಿದ್ದೀರೋ ಅಷ್ಟು ಕಾರ್ಡನ್ನು ಡೆಕ್‌ನ ಅಡಿಗೆ ಇಡುತ್ತೀರಿ. ಆದ್ದರಿಂದ ಒಂದೇ ಲ್ಯಾಂಡ್ ಇರುವ ಏಳಕ್ಕಿಂತ ಆರಿಸಿ ಉಳಿಸಿಕೊಂಡ ಆರು ಬಹುತೇಕ ಯಾವಾಗಲೂ ವಾಸಿ.

ಸೈಡ್‌ಬೋರ್ಡ್‌ಗೆ ಒಂದು ಚೀಟಿ ಬರೆದಿಡಿ: ಎದುರಿಗೆ ಬರಬಹುದಾದ ನಾಲ್ಕೈದು ಡೆಕ್, ಒಂದೊಂದಕ್ಕೆ ಏನು ಒಳಗೆ, ಏನು ಹೊರಗೆ. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಲೆಕ್ಕ ಸಮ ಬರಬೇಕು. ಮ್ಯಾಜಿಕ್‌ನಲ್ಲಿ ಇಂಥ ಚಿಕ್ಕ ಚೀಟಿಯನ್ನು ಎರಡು ಆಟಗಳ ನಡುವೆ ನೋಡಬಹುದು, ಆಟ ನಡೆಯುವಾಗ ನೋಡುವಂತಿಲ್ಲ. ಬೇರೆ ಆಟಗಳಲ್ಲಿ ನಿಯಮ ಬೇರೆ, ಜಡ್ಜ್‌ರನ್ನು ಕೇಳಿ.

ಆ ದಿನ

ಹೊರಡುವ ಮೊದಲು ಡೆಕ್ಕನ್ನು ಮೇಜಿನ ಮೇಲೆ ಹರಡಿ, ಆರಾರರಂತೆ ಹತ್ತು ಗುಡ್ಡೆ ಮಾಡಿ. ಕೊನೆಯ ಗುಡ್ಡೆಯಲ್ಲಿ ಐದೇ ಇದ್ದರೆ ಆರನೆಯದು ನಿನ್ನೆ ರಾತ್ರಿಯ ಅಭ್ಯಾಸದ ಮೇಜಿನ ಮೇಲೋ ಗೆಳೆಯರ ಡೆಕ್ ಬಾಕ್ಸ್‌ನಲ್ಲೋ ಇದೆ. ಡೆಕ್ ಲಿಸ್ಟನ್ನು ನೆನಪಿನಿಂದ ಬರೆಯದೆ ಈ ಹರಡಿದ ಕಾರ್ಡ್‌ಗಳನ್ನು ನೋಡಿಕೊಂಡೇ ಬರೆಯಿರಿ, ಕೊನೆಗೆ ಸಂಖ್ಯೆಗಳನ್ನು ಕೂಡಿಸಿ. ಹೆಸರು ಪೂರ್ತಿ ಇರಲಿ.

ಚೀಲದಲ್ಲಿ ಡೆಕ್, ಸ್ಲೀವ್, ಬೇಕಾದ ಟೋಕನ್‌ಗಳು, ನಾಲ್ಕಾರು ದಾಳ, ಎರಡು ಪೆನ್ನು, ಕಾಗದ, ಪ್ಲೇಮ್ಯಾಟ್, ನೀರು. ಪೋಕೆಮಾನ್ ಮತ್ತು ಯು-ಗಿ-ಓಗೆ ಆಟಗಾರರ ಐಡಿ ಸಂಖ್ಯೆ ಬೇಕಾಗುತ್ತದೆ, ಮೊದಲೇ ಮಾಡಿಸಿಕೊಳ್ಳಿ. ಅರ್ಧ ಗಂಟೆ ಮುಂಚೆ ಹೋಗಿ. ನೀರಿನ ಬಾಟಲಿಯ ಜಾಗ ಮೇಜಿನ ಕೆಳಗೆ.

ಲೈಫ್ (ಆಟಗಾರರಿಗೆ ಉಳಿದಿರುವ ಜೀವದ ಅಂಕ) ಲೆಕ್ಕವನ್ನು ದಾಳದ ಮೇಲೆ ಇಡಬೇಡಿ. ತೋಳು ತಾಗಿ ಉರುಳಿದರೆ 13 ಇತ್ತೋ 11 ಇತ್ತೋ ಎಂದು ಹೇಳುವವರಿಲ್ಲ. ಕಾಗದದಲ್ಲಿ ಎರಡು ಕಂಬ ಮಾಡಿ, ಇಬ್ಬರದ್ದೂ ಬರೆಯಿರಿ: 20, 18, 15. ಪ್ರತಿ ಬದಲಾವಣೆಯ ಪಕ್ಕದಲ್ಲಿ ಕಾರಣವನ್ನು ಒಂದಕ್ಷರದಲ್ಲಿ ಗುರುತಿಸಿ. ಸಂಖ್ಯೆ ಬದಲಾದಾಗಲೆಲ್ಲ ಬಾಯಲ್ಲೂ ಹೇಳಿ, "ನಾನು 15, ನೀವು 9". ವ್ಯತ್ಯಾಸ ಬಂದರೆ ಅಲ್ಲೇ ಗೊತ್ತಾಗುತ್ತದೆ, ಐದು ಸರದಿ ಕಳೆದ ಮೇಲಲ್ಲ.

ನಡೆಗಳನ್ನೂ ಹೀಗೇ ಹೇಳಿ ಆಡಿ: ಯಾವ ಕಾರ್ಡ್, ಯಾವುದರ ಮೇಲೆ, ದಾಳಿ ಶುರು, ಸರದಿ ಮುಗಿಯಿತು. ಎದುರಾಳಿ ಉತ್ತರ ಕೊಡಲು ಒಂದು ಕ್ಷಣ ಬಿಡಿ. ಸರದಿಯ ಶುರುವಿನಲ್ಲಿ ನಡೆಯಬೇಕಾದ ಪರಿಣಾಮವನ್ನು ಮರೆಯುವವರು ಡೆಕ್‌ನ ಮೇಲೆ ಒಂದು ದಾಳ ಇಡಿ. ಕಾರ್ಡ್ ಎಳೆಯಲು ಕೈ ಹೋದಾಗ ಅದು ತಡೆಯುತ್ತದೆ, ನೆನಪಾಗುತ್ತದೆ.

ಏನಾದರೂ ತಪ್ಪಾದರೆ, ತಪ್ಪು ನಿಮ್ಮದೇ ಆದರೂ, ಆಟ ನಿಲ್ಲಿಸಿ ಕೈ ಎತ್ತಿ ಜಡ್ಜ್ ಕರೆಯಿರಿ. ಹೆಚ್ಚಿಗೆ ಬಂದ ಕಾರ್ಡನ್ನು ಕೈಯಲ್ಲಿರುವವುಗಳ ಜೊತೆ ಸೇರಿಸಬೇಡಿ, ಬೇರೆಯಾಗಿ ಮಗುಚಿಡಿ. ಅದು ಬೆರೆತುಹೋದರೆ ಯಾವುದು ಎಂದು ತೋರಿಸಲು ಆಗದೆ ಸರಿಪಡಿಸುವುದು ಕಷ್ಟವಾಗುತ್ತದೆ. ಇಬ್ಬರೇ ಮಾತಾಡಿಕೊಂಡು ಆಟವನ್ನು ಹಿಂದಕ್ಕೆ ಒಯ್ಯುವ ಪ್ರಯತ್ನ ಬೇಡ. ಜಡ್ಜ್‌ಗೆ ಹಿಡಿದ ಸಮಯ ದೊಡ್ಡದಾಗಿದ್ದರೆ ಅಷ್ಟು ನಿಮಿಷ ಸೇರಿಸಿಕೊಡಿ ಎಂದು ಕೇಳಬಹುದು.

ಸ್ವಿಸ್ ಪದ್ಧತಿಯಲ್ಲಿ ಸೋತವರು ಹೊರಹೋಗುವುದಿಲ್ಲ, ಸಮಾನ ಅಂಕದವರು ಎದುರಾಗುತ್ತಾ ಹೋಗುತ್ತಾರೆ. ಗೆಲುವಿಗೆ 3. ಮ್ಯಾಜಿಕ್‌ನಲ್ಲಿ ಡ್ರಾ ಆದರೆ 1. ಎಂಟು ಜನರಿಗೆ ಮೂರು ರೌಂಡ್, ಹದಿನಾರಕ್ಕೆ ನಾಲ್ಕು, ಮೂವತ್ತೆರಡಕ್ಕೆ ಐದು. ಬೆಸ ಸಂಖ್ಯೆ ಇದ್ದಾಗ ಜೋಡಿ ಸಿಗದವರಿಗೆ ಬೈ, ಅದೂ ಗೆಲುವೆಂದೇ ಲೆಕ್ಕ. ಅಂಕ ಸಮ ಆದಾಗ ನಿಮ್ಮ ಎದುರಾಳಿಗಳು ಎಷ್ಟು ಗೆದ್ದಿದ್ದಾರೆ ಎಂದು ನೋಡುತ್ತಾರೆ. ಅದಕ್ಕೇ ಮೊದಲ ರೌಂಡ್‌ನಲ್ಲಿ ಸೋತವರು ಸಾಮಾನ್ಯವಾಗಿ ಕೊನೆಯಲ್ಲಿ ಸೋತವರಿಗಿಂತ ಕೆಳಗೆ ಇರುತ್ತಾರೆ.

ಮ್ಯಾಜಿಕ್‌ನಲ್ಲಿ ಸಮಯ ಮುಗಿದಾಗ ನಡೆಯುತ್ತಿರುವ ಸರದಿ ಮುಗಿಸಿ ಇನ್ನೂ ಐದು ಸರದಿ ಆಡಬಹುದು. ಅಷ್ಟರಲ್ಲೂ ಮುಗಿಯದಿದ್ದರೆ ಆ ಆಟ ಡ್ರಾ, ಆಗ ಒಂದು ಆಟ ಮುಂದಿರುವವರೇ ಪಂದ್ಯ ಗೆಲ್ಲುತ್ತಾರೆ. ಇಲ್ಲಿ ತಮಾಷೆಗೂ ಆಡಬಾರದ ಮಾತು ಎರಡಿವೆ: "ದಾಳ ಉರುಳಿಸಿ ತೀರ್ಮಾನ ಮಾಡೋಣ" ಮತ್ತು "ಸೋಲೊಪ್ಪಿಕೊಂಡರೆ ಬಹುಮಾನದಲ್ಲಿ ಪಾಲು ಕೊಡುತ್ತೇನೆ". ಎರಡಕ್ಕೂ ಶಿಕ್ಷೆ ಕಠಿಣ.

ಫಲಿತಾಂಶ ಬರೆಯುವಾಗ 2–0, 2–1 ಯಾರ ಹೆಸರಿನ ಮುಂದೆ ಇದೆ ಎಂದು ಇಬ್ಬರೂ ನೋಡಿ. ನಂತರ ಸೈಡ್‌ಬೋರ್ಡ್ ಕಾರ್ಡ್ ಹೊರಗೆ, ಮೂಲ ಕಾರ್ಡ್ ಒಳಗೆ, ಮತ್ತೆ ಎಣಿಕೆ. ಎದುರಾಳಿಯ ಕಾರ್ಡ್ ನಿಮ್ಮ ಕಡೆ ಬಂದಿದ್ದರೆ, ಸ್ಲೀವ್ ಬಣ್ಣವೂ ಒಂದೇ ಆಗಿದ್ದರೆ, ಮೇಜಿನಿಂದ ಏಳುವ ಮೊದಲೇ ಈ ಎಣಿಕೆ ಆಗಬೇಕು.

ಮುಂದಿನ ಪೇರಿಂಗ್ (ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ) ಬರುವವರೆಗೆ ಲೈಫ್ ಬರೆದ ಅದೇ ಕಾಗದದಲ್ಲಿ ಎರಡು ಸಾಲು ಬರೆಯಿರಿ: ಎದುರಿನ ಡೆಕ್ ಯಾವುದು, ನಿಮ್ಮ ಯಾವ ಕಾರ್ಡ್ ಆಟವಿಡೀ ಕೈಯಲ್ಲೇ ಉಳಿಯಿತು. ನಾಲ್ಕು ರೌಂಡ್‌ನಲ್ಲಿ ಒಂದೇ ಕಾರ್ಡ್‌ನ ಹೆಸರು ಮೂರು ಸಲ ಬಂದಿದ್ದರೆ ಮುಂದಿನ ಸಲಕ್ಕೆ ಅದನ್ನು ಬದಲಿಸಿ, ಉಳಿದದ್ದನ್ನು ಹಾಗೇ ಬಿಡಿ.